ಏನೂ ಆಗದ್ದಕ್ಕೆ ಪಗಾರ

ನಮ್ಮ ಸಪ್ತಾಪುರದ ಮನೆಯ ನಳದಲ್ಲಿ ನೀರಿಗಿಂತ ಮೊದಲು ಸದ್ದು ಬರುತ್ತದೆ. ವಾರಕ್ಕೊಮ್ಮೆಯೋ, ದೇವರು ಮನಸ್ಸು ಮಾಡಿದರೆ ಅದಕ್ಕೂ ಮುಂಚೆಯೋ, ಅಡುಗೆಮನೆಯ ಮೂಲೆಯಲ್ಲಿ ಯಾರೋ ಕೆಮ್ಮಿದ ಹಾಗಾಗಿ, ಆಮೇಲೆ ಕೆಂಪು ನೀರು, ಅದರ ಹಿಂದೆ ತಿಳಿನೀರು. ಆ ಕೆಮ್ಮು ಕೇಳಿದ ಕೂಡಲೇ ನಾದುತ್ತಿದ್ದ ಹಿಟ್ಟನ್ನು ಕೊಣಮಿಗೆಯಲ್ಲೇ ಬಿಟ್ಟು ಕೊಡ ಹುಡುಕಲು ಓಡಿದವಳು ನಾನು. ಹೀಗಾಗಿ ಮಕ್ಕಳೇ, ಕೊಳವೆ ಎಂದರೆ ನನ್ನ ಪಾಲಿಗೆ ಸದ್ದು ಮಾಡಿ ಕರೆಯುವ ವಸ್ತು. ಸದ್ದೇ ಮಾಡದ ಕೊಳವೆಯೊಂದು ಹೊಲಗಳ ಕೆಳಗೆ ಊರಿಂದೂರಿಗೆ ಮಲಗಿದೆ, ಅದನ್ನು ಕಾಯುವವರಿಗೆ ತಿಂಗಳಿಗೊಮ್ಮೆ ಪಗಾರವಿದೆ, ಆ ಪಗಾರವನ್ನು ತೂಗಲು ಹಲವು ಬಗೆಯ ತಕ್ಕಡಿಗಳಿವೆ ಎಂಬುದೆಲ್ಲ ನನಗೆ ತಿಳಿದದ್ದು ನಿಮ್ಮವ್ವ ಗಿರಿಜೆಯಿಂದ. ಆ ಬೆರಗು ನನ್ನಲ್ಲಿ ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ಜನರ ಮುಂದೆ ಹೇಳು ಎಂದರೆ ಸೆರಗು ಎಳೆದುಕೊಂಡು ಒಳಗೆ ಹೋಗುವವಳು ನಾನು. ಕಾಗದದ ಮುಂದೆ ಅಷ್ಟು ನಾಚಿಕೆಯಾಗುವುದಿಲ್ಲ.

ಗಿರಿಜಾ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿ, ತೊಂಬತ್ತರ ದಶಕದ ಕೊನೆಯಲ್ಲಿ, ಎಣ್ಣೆ ಸಾಗಿಸುವ ಒಂದು ಕಂಪನಿಯನ್ನು ಸೇರಿದಳು. ಅವರ ಕೊಳವೆ ನಮ್ಮ ತಾಲೂಕಿನ ಎರೆಹೊಲಗಳ ಕೆಳಗೆ ಹಾದುಹೋಗಿತ್ತು, ನನ್ನ ತವರು ಹೆಬ್ಬಳ್ಳಿಯಲ್ಲಿ ನಮ್ಮಣ್ಣನ ಹೊಲದ ಕೆಳಗೂ. ಇಲ್ಲಿಯ ಭಾಗಕ್ಕೆ ಗುಜರಾತಿನ ಕಡೆಯವರೊಬ್ಬರು ಮ್ಯಾನೇಜರ್ ಆಗಿದ್ದರು. ದೇಶದ ತುಂಬ ಹೊಸ ಕೊಳವೆಗಳನ್ನು ಹೂಳುತ್ತಿದ್ದ ಆ ಕಾಲದಲ್ಲಿ ಪಳಗಿದವರಿಗೆ ಎಲ್ಲ ಕಡೆಯಿಂದ ಕರೆ. ಅವರು ಹೆಚ್ಚಿನ ಪಗಾರಕ್ಕೆ ಬೇರೆ ಕಡೆ ಹೋದರು. ಅವರ ಕೆಲಸವೆಲ್ಲ ಗಿರಿಜೆಯ ಹೆಗಲಿಗೆ ಬಂತು, ಪಗಾರ ಮಾತ್ರ ಅವಳ ಹಳೆಯದೇ ಉಳಿಯಿತು. ವರ್ಷ ದಾಟಿದ ಮೇಲೆ ಮೇಲಿನ ಕಚೇರಿಯಿಂದ ಒಬ್ಬ ದೊಡ್ಡ ಸಾಹೇಬರು ಬಂದರು. ಇವಳನ್ನೇ ಪೂರ್ತಿ ಪಗಾರದ ಮ್ಯಾನೇಜರ್ ಮಾಡಬೇಕೋ, ಹೊರಗಿನವರೊಬ್ಬರನ್ನು ತಂದು ಇವಳನ್ನು ಅವರ ಕೈಕೆಳಗೆ ಇಡಬೇಕೋ ಎಂದು ನಿರ್ಧರಿಸುವುದು ಅವರ ಕೆಲಸ. ತಾನು ಕಾದ ಕೊಳವೆಯನ್ನು ಇನ್ನೊಬ್ಬರ ಕೈಗೆ ಒಪ್ಪಿಸಬೇಕಾದೀತೆಂದು ಅವಳಿಗೆ ಅನ್ನ ಸೇರುತ್ತಿರಲಿಲ್ಲ. ನೀವು ಆಗ ಸಣ್ಣವರು, ನಿಮಗೆ ನೆನಪಿರಲಿಕ್ಕಿಲ್ಲ.

ಸಾಹೇಬರ ಮುಂದೆ ಕುಳಿತು ಬಂದ ಸಂಜೆ ಅವಳು ಚಪ್ಪಲಿ ಬಿಡದೆಯೇ ಕಟ್ಟೆಯ ಮೇಲೆ ಕುಳಿತಳು.

"ಏನ್ ಕೇಳಿದ್ರವ್ವಾ?" ಎಂದೆ.

"ಈ ವರ್ಷ ಏನ್ ಮಾಡೀರಿ ಅಂತ ಕೇಳಿದ್ರು."

"ನೀ ಏನಂದಿ?"

"ಏನಂತ ಹೇಳೂದವ್ವಾ? ಏನೂ ಆಗಿಲ್ರಿ, ಎಲ್ಲಾ ಛಲೋ ನಡದೈತಿ ಅಂದೆ. ಹಂಗಾದ್ರ ಇಲ್ಲಿ ಮ್ಯಾನೇಜರ್ ಬೇಕೇ ಇಲ್ಲವೇನೋ ಅಂತ ನಕ್ಕರು."

ನಮ್ಮ ಕಡೆ ಇದು ಮಾತಲ್ಲ, ರೂಢಿ. ಇಪ್ಪತ್ತು ಬಗೆ ಅಡುಗೆ ಮಾಡಿಟ್ಟು, ಬರೇ ರೊಟ್ಟಿ-ಪಲ್ಯ ಮಾಡೀವ್ರಿ ಎನ್ನುತ್ತೇವೆ. ಮಗ ಶಾಲೆಗೇ ಮೊದಲು ಬಂದರೂ, ಏನೋ ಪಾಸಾಗ್ಯಾನ್ರಿ ಎನ್ನುತ್ತೇವೆ. ಕೇಳಿದವರು ನಮ್ಮವರಾದರೆ ಆ 'ಏನೋ' ಎಂಬುದರ ತೂಕವನ್ನು ತಾವೇ ಹಾಕಿಕೊಳ್ಳುತ್ತಾರೆ. ಸಾಹೇಬರು ಮೈಸೂರು ಕಡೆಯವರು, ಮುಂಬಯಿಯಲ್ಲಿ ನೆಲೆಸಿದವರು. ಹೇಳಿದ್ದನ್ನು ಹೇಳಿದಷ್ಟೇ ತೆಗೆದುಕೊಂಡರು, ಅದರಲ್ಲಿ ಅವರ ತಪ್ಪೇನು? ನಮ್ಮಲ್ಲಿ ತನ್ನನ್ನು ತಾನು ಹೊಗಳಿಕೊಂಡವರಿಗೆ ಬಾಯಿ ದೊಡ್ಡದು ಎಂಬ ಹೆಸರು. ಆ ಹೆಸರು ಬರದಂತೆ ಹೆಣ್ಣುಮಗಳನ್ನು ಬೆಳೆಸುವುದೇ ತಾಯಿಯ ಜಾಣತನವೆಂದು ನನ್ನ ತಾಯಿ ನಂಬಿದ್ದಳು, ನಾನೂ ನಂಬಿದ್ದೆ.

ಮರುದಿನ ಎಳ್ಳ ಅಮಾವಾಸ್ಯೆ. ಸಾಹೇಬರು ಕೊಳವೆಯ ದಾರಿ ನೋಡಲು ಹೊರಟಿದ್ದರು. ದಾರಿ ನಮ್ಮಣ್ಣನ ಹೊಲದ ಮೇಲೆಯೇ ಇದ್ದುದರಿಂದ, ನಮ್ಮಲ್ಲೇ ಊಟ ಮಾಡ್ರಿ ಎಂದು ಗಿರಿಜಾ ಕರೆದಿದ್ದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ ಬುಟ್ಟಿಗೆ ತುಂಬಿಕೊಂಡು ನಾನೂ ಹೋದೆ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಭೂಮಿತಾಯಿಗೆ ನೈವೇದ್ಯವೆಂದು ಚರಗ ಚೆಲ್ಲಿ ಬಂದ ಅಣ್ಣ, ಎದೆಯೆತ್ತರದ ಜೋಳದ ಪಕ್ಕ ಕಂಬಳಿ ಹಾಸಿದ.

ಸ್ವಲ್ಪ ದೂರದಲ್ಲಿ ಹಳದಿ ಬಣ್ಣದ ಗುರುತಿನ ಕಂಬವೊಂದಿತ್ತು. ಕೊಳವೆ ಅಲ್ಲೇ ಕೆಳಗಿದೆ ಎಂದರು. ಯಾರೂ ನೋಡದಾಗ ನಾನು ಬಾಗಿ ನೆಲಕ್ಕೆ ಅಂಗೈ ಇಟ್ಟೆ. ಬಿಸಿಲಿಗೆ ಕಾದ ಎರೆಮಣ್ಣು, ಒಂದೆರಡು ಬಿರುಕು, ಒಂದು ಇರುವೆ ಸಾಲು, ಅಷ್ಟೇ. ನನ್ನ ಅಂಗೈಯ ಕೆಳಗೆ ಸಮುದ್ರದ ಕಡೆಯಿಂದ ಹೊರಟ ಎಣ್ಣೆ, ಯಾವ ಊರಿನ ಬಸ್ಸಿಗೋ ಯಾವ ಆಸ್ಪತ್ರೆಯ ಗಾಡಿಗೋ, ಹಗಲು ರಾತ್ರಿ ಹರಿಯುತ್ತಿದೆ, ಮತ್ತು ಅದರ ಮೇಲೆ ಜೋಳ ಹಾಲು ತುಂಬಿಕೊಂಡು ನಿಂತಿದೆ. ಗರ್ಭಗುಡಿಯ ಮುಂದೆ ನಿಂತಾಗ ಆಗುವ ಹಾಗೆ ನನಗೆ ಮೈ ಜುಮ್ಮೆಂದಿತು.

ಊಟಕ್ಕೆ ಕುಳಿತಾಗ ಅಣ್ಣ ನೇರವಾಗಿಯೇ ಕೇಳಿದ. ನಮ್ಮ ಕಡೆ ಹೆಸರಿನ ನಂತರ ಕೇಳುವುದೇ ಪಗಾರವನ್ನು.

"ಸಾಹೇಬ್ರ, ಈ ಮ್ಯಾನೇಜರ್ ಮಂದಿಗೆ ಪಗಾರ ಹೆಂಗ್ ಹಚ್ಚತೀರಿ? ಒಬ್ಬಗ ಹೆಚ್ಚ, ಒಬ್ಬಗ ಕಡಿಮಿ, ಅದ್ಯಾವ ಲೆಕ್ಕ?"

ಸಾಹೇಬರು ನಕ್ಕು, ಎಡಗೈಯ ಬೆರಳು ಮಡಚುತ್ತಾ ಹೇಳಿದರು. "ಎಷ್ಟು ಉದ್ದದ ಲೈನ್ ಕೈಯಲ್ಲಿದೆ ಅನ್ನೋದು ಮೊದಲು, ಯಜಮಾನ್ರೇ. ಅದರೊಳಗೆ ಹರಿಯೋದು ನೀರೋ, ಎಣ್ಣೆಯೋ, ಗ್ಯಾಸೋ. ಅಪಾಯ ಹೆಚ್ಚಿದ್ದಷ್ಟೂ ಸಂಬಳ ಹೆಚ್ಚು. ಪಂಪು ಎಷ್ಟು, ಕೈಕೆಳಗೆ ಜನ ಎಷ್ಟು. ಓದು ಏನು, ಬಯಲಲ್ಲಿ ಕಳೆದ ವರ್ಷ ಎಷ್ಟು. ಮರಳುಗಾಡು, ಸಮುದ್ರದ ನಡುವೆ ಆದ್ರೆ ಕಷ್ಟದ ಭತ್ಯೆ ಬೇರೆ. ಎಷ್ಟು ಹೊತ್ತಿಗೆ ಫೋನ್ ಬಂದ್ರೂ ಏಳಬೇಕು, ಏನಾದ್ರೂ ಆದ್ರೆ ಉತ್ತರ ಕೊಡೋ ತಲೆ ಒಂದೇ, ಅದಕ್ಕೂ ಬೆಲೆ ಇದೆ."

ಕೇಳುತ್ತಾ ನಾನು ರೊಟ್ಟಿ ಬಡಿಸುವುದನ್ನೇ ಮರೆತೆ. ನಾನು ಕಂಡ ಪಗಾರವೆಂದರೆ ಕಣದಲ್ಲಿ ಕೊಡುತ್ತಿದ್ದ ಆಯ. ರಾಶಿ ಪೂಜೆಯಾದ ಮೇಲೆ ಬಡಿಗನಿಗೆ, ಕಮ್ಮಾರನಿಗೆ, ತಳವಾರನಿಗೆ ಅಪ್ಪ ಮೊರದಿಂದ ಜೋಳ ಸುರಿಯುತ್ತಿದ್ದ. ಬಡಿಗ ಕೂರಿಗೆ ಮಾಡಿಕೊಟ್ಟ, ಕಮ್ಮಾರ ನೇಗಿಲಿನ ಕುಡ ಹಣಿದುಕೊಟ್ಟ, ತಳವಾರ ಏನು ಕೊಟ್ಟ? ಸುಮ್ಮನೆ ಊರ ಸುತ್ತ ತಿರುಗಿದ, ಕಳವು ಆಗಲಿಲ್ಲ, ಬಣಿವೆಗೆ ಬೆಂಕಿ ಬೀಳಲಿಲ್ಲ. ಆಗದೇ ಹೋದದ್ದಕ್ಕೂ ಅಪ್ಪ ಮೊರ ತುಂಬಿಯೇ ಸುರಿಯುತ್ತಿದ್ದ. ಅದು ಆಗ ನನಗೆ ಅರ್ಥವಾಗಿರಲಿಲ್ಲ. ಕೂಸು ಬೆಳೆದದ್ದು ಕಣ್ಣಿಗೆ ಕಾಣುತ್ತದೆ, ಕೂಸು ಬಾವಿಗೆ ಬೀಳದೆ ಉಳಿದದ್ದು ಯಾರ ಕಣ್ಣಿಗೆ ಕಾಣುತ್ತದೆ? ಲೋಕದ ಅರ್ಧ ದುಡಿಮೆ ಈ ಕಾಣದ ಜಾತಿಯದು. ಅದನ್ನು ಹಿಡಿದು ತೂಗಲು ದೊಡ್ಡ ದೊಡ್ಡ ಊರುಗಳಲ್ಲಿ ಓದಿದ ಜನ ಕುಳಿತು ಇಷ್ಟೊಂದು ಕಲ್ಲು, ತಕ್ಕಡಿ ಹೊಂದಿಸಿದ್ದಾರಲ್ಲ ಎಂದು ನನಗೆ ಆ ಹೊಲದಲ್ಲಿ ಕೈಮುಗಿಯುವಂತಾಯಿತು.

"ನಿಮ್ಮ ಹುಡುಗಿದೇ ತೊಂದರೆ," ಸಾಹೇಬರು ಕೊನೆಯ ಬೆರಳು ಮಡಚದೆ ನಿಲ್ಲಿಸಿದರು. "ಊರು ಇವರದ್ದೇ, ಕಷ್ಟದ ಜಾಗ ಅಲ್ಲ. ಏನು ಮಾಡಿದ್ರಿ ಅಂದ್ರೆ ಏನೂ ಆಗಿಲ್ಲ ಅಂತಾರೆ. ನಾನು ಮೇಲಿನವರಿಗೆ ಏನಂತ ಹೇಳಲಿ?"

ಅಣ್ಣ ಬಾಯಲ್ಲಿದ್ದ ತುತ್ತು ನುಂಗಿ ಸಿಡುಕಿದ. "ಏನೂ ಮಾಡಿಲ್ಲಂತ? ಛೇ! ಸೋದರಮಾವನ ಹೊಲ ಅಂತ ನೋಡೂದಿಲ್ರಿ ಇಕಿ. ಕರಿಕಿ ಕಡೀಬೇಕಂತ ಗುದ್ದಲಿ ಎತ್ತಿದ್ದ ತಡ, ಎಲ್ಲಿಂದರ ಬಂದು ಎದುರಿಗೆ ನಿಂತಿರ್ತಾಳ, ಯಮದೂತನಂಗ! ಕನಸಿನ್ಯಾಗ ಗುದ್ದಲಿ ಹಿಡದ್ರೂ ಇಕಿಗೆ ಗೊತ್ತಾಗತೈತಿ."

ಕರಿಕೆ ಎಂದರೆ ಎರೆಹೊಲದ ಹಠಮಾರಿ ಹುಲ್ಲು. ಅದರ ಬೇರು ತೆಗೆಯಲು ನಮ್ಮವರು ಆಳುದ್ದ ಅಗೆಯುತ್ತಾರೆ. ಆ ಗುದ್ದಲಿ ಕೊಳವೆಗೆ ತಾಗಿದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸಾಹೇಬರು ನಗಲಿಲ್ಲ. ಗಿರಿಜೆಯ ಕಡೆ ತಿರುಗಿದರು. "ಹೇಗೆ ಗೊತ್ತಾಗುತ್ತೆ ನಿಮಗೆ?"

ಅವಳು ತಾಟಿನ ಅಂಚನ್ನು ಉಗುರಿನಿಂದ ಗೀರುತ್ತಾ ಕುಳಿತಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ಸಾಹೇಬರನ್ನಲ್ಲ, ಮಾವನನ್ನಲ್ಲ, ನನ್ನನ್ನು. ಅತಿಥಿಗಳ ಮುಂದೆ ಇನ್ನೊಂದು ಹೋಳಿಗೆ ತೆಗೆದುಕೊಳ್ಳಲೇ ಎಂದು ಸಣ್ಣವಳಿದ್ದಾಗ ನೋಡುತ್ತಿದ್ದಳಲ್ಲ, ಅದೇ ನೋಟ. ಹೊರಗಿನ ಗಂಡಸರ ಮುಂದೆ ನನ್ನ ಗಂಟಲು ಸುಲಭಕ್ಕೆ ಏಳುವುದಿಲ್ಲ. ಆದರೂ ಎದ್ದಿತು.

"ಹೇಳವ್ವಾ," ಎಂದೆ.

ಅವಳು ಹೇಳಿದಳು. ಮೊದಲು ತಡವರಿಸಿ, ಆಮೇಲೆ ಕಾಲುವೆ ಬಿಟ್ಟ ಹಾಗೆ.

"ಲೈನಿನ ಮ್ಯಾಲೆ ದಿನಾ ನಡಿಯೋ ಮಂದಿ ಅದಾರಲ್ರಿ ಸರ್, ಅವರನ್ನ ಮೊದಲ ಹೆಂಗ್ ಬೇಕಾದಂಗ ಹಾಕಿದ್ರು. ನಾನು ಒಬ್ಬೊಬ್ಬರನ್ನ ಅವರ ಹೆಂಡತಿ ತವರೂರಿನ ಕಡೆ ಹಾಕೇನಿ. ಬೀಗರ ಮನ್ಯಾಗ ಚಾ ಕುಡೀತಾರ, ಯಾರು ಬಾವಿ ತಗಸಾವ್ರು, ಯಾರು ಮಣ್ಣು ಅಗಿಯೋ ಯಂತ್ರ ತರಸಾವ್ರು ಅಂತ ಸುದ್ದಿ ಲಗೂ ಬರತೈತಿ. ಅಳಿಯಾ ಬೇಡ ಅಂದ್ರ ಬೀಗರು ಗುದ್ದಲಿ ಕೆಳಗ ಇಡತಾರ್ರಿ. ಕಂಪನಿ ಬೇಡ ಅಂದ್ರ ಇಡೂದಿಲ್ಲ."

ಅಣ್ಣ ತೊಡೆ ತಟ್ಟಿದ. "ಹಂಗಾದ್ರ ನಮ್ಮನಿಗೆ ಚಾ ಕುಡಿಯಾಕ ಬರೋ ಆ ಮಳ್ಳ ಅಳಿಯಾ ನಿನ್ನ ಗುಪ್ತಚಾರನೇನ?"

"ಹೌದು ಮಾಮಾ. ಸಕ್ಕರಿ ಜಾಸ್ತಿ ಹಾಕಿಸು ಅವಂಗ."

ಸಾಹೇಬರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು. "ಇನ್ನೇನಿದೆ ಹೇಳಿ."

ಇನ್ನೂ ಇತ್ತು. ಪ್ರತಿ ದೊಡ್ಡ ಮಳೆಯ ಮರುದಿನ ತಾನೇ ಹಳ್ಳದ ದಂಡೆಗೆ ಹೋಗಿ, ಕೊಳವೆಯ ಮೇಲಿನ ಮಣ್ಣು ಕೊಚ್ಚಿಹೋಗುವ ಮೊದಲೇ ಮರಳಿನ ಚೀಲ ಕಟ್ಟಿಸಿದ್ದು. ನೆರೆಯೂರಿನವನೊಬ್ಬ ಕೊಳವೆಯ ಪಕ್ಕದಲ್ಲೇ ಬೋರು ಕೊರೆಸುತ್ತೇನೆಂದು ಹಠ ಹಿಡಿದಾಗ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವ ಮುದುಕನನ್ನು ತಾನೇ ಕರೆತಂದದ್ದು. "ಕಾಯಿ ಎಲ್ಲಿ ಬೇಕಾದರ ಎದ್ದು ನಿಂದರ್ಲಿ ಅಜ್ಜಾ, ಹಳದಿ ಕಂಬದ ಹತ್ತಿರ ಮಾತ್ರ ಬ್ಯಾಡ ಅಂತ ಹೇಳಿದ್ದೆರಿ. ದೂರದ ಬೇವಿನ ಗಿಡದ ಕಡೆ ಎದ್ದು ನಿಂತಿತು. ನೀರೂ ಬಿತ್ತು, ನಮ್ಮ ಪುಣ್ಯಾ."

ನಾನು ಹೆತ್ತು ಹಾಲು ಕುಡಿಸಿದ ಹುಡುಗಿ ಇವಳು. ಒಂದೇ ಸೂರಿನ ಕೆಳಗಿದ್ದು ದಿನಾ ಇವಳ ಡಬ್ಬಿ ಕಟ್ಟಿದ್ದೆ, ಅದು ಇಂಥ ಕೆಲಸಕ್ಕೆ ಹೋಗುತ್ತಿದೆ ಎಂದು ತಿಳಿದಿರಲಿಲ್ಲ. ನೆಲದ ಮೇಲೆ ಅಂಗೈ ಇಟ್ಟಾಗ ಆದ ಜುಮ್ಮು ಮತ್ತೆ ಮೈಮೇಲೆ ಹಾದುಹೋಯಿತು. ಮಾತಿಲ್ಲದೆ ಹರಿಯುವುದು ಎಣ್ಣೆಯೊಂದೇ ಅಲ್ಲ ಎನಿಸಿತು.

"ನಿನ್ನೆ ಯಾಕೆ ಇದನ್ನೆಲ್ಲ ಹೇಳಲಿಲ್ಲ?" ಎಂದರು ಸಾಹೇಬರು.

ಗಿರಿಜಾ ಕೈ ತೊಳೆದುಕೊಂಡಳು, ಸೆರಗಿಗೆ ಒರೆಸಿಕೊಂಡಳು. ಹೊರಗೆ ಹರಿದ ಮಾತು ಅವಳನ್ನು ಬೇರೊಂದು ದಂಡೆಗೆ ಮುಟ್ಟಿಸಿಬಿಟ್ಟಿತ್ತು. "ನಿನ್ನಿ ಹೇಳಲಿಲ್ಲ ಸರ್, ಇವತ್ತು ಹೇಳತೇನಿ. ನನಗಿಂತ ಮೊದಲ ಇದ್ದವರಿಗೆ ಎಷ್ಟು ಕೊಡತಿದ್ರಿ, ಅಷ್ಟು ನನಗೂ ಕೊಡಬೇಕ್ರಿ. ಲೈನ್ ಅಷ್ಟ ಉದ್ದ ಐತಿ, ಎಣ್ಣಿ ಅದ ಐತಿ, ಫೋನೂ ಅದ ಐತಿ."

ನಮ್ಮ ಮನೆತನದ ಹೆಣ್ಣುಮಗಳೊಬ್ಬಳು ನನಗೆ ಇಷ್ಟು ಬರಬೇಕು ಎಂದು ಬಾಯಿಬಿಟ್ಟು ಕೇಳಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಬಾಯಿ ದೊಡ್ಡದು ಎಂದು ಅಣ್ಣನಾದರೂ ಅಂದಾನೆಂದು ಕಾದೆ. ಅವನು ಅನ್ನಲಿಲ್ಲ. ಸಾಹೇಬರ ತಾಟಿಗೆ ತುಪ್ಪ ಸುರಿದ. "ನೋಡೋಣ, ಮೇಲಿನವರಿಗೆ ಹೇಳ್ತೀನಿ," ಎಂದಷ್ಟೇ ಹೇಳಿ ಅವರು ಎದ್ದರು.

ಸುಗ್ಗಿ ಮುಗಿಯುವವರೆಗೆ ಯಾವ ಸುದ್ದಿಯೂ ಬರಲಿಲ್ಲ. ಒಂದು ಮಧ್ಯಾಹ್ನ ನಾನು ಶೇಂಗಾ ಸುಲಿಯುತ್ತಾ ಕುಳಿತಾಗ ಫೋನ್ ಬಡಿಯಿತು.

"ಅವ್ವಾ, ಪೂರ್ತಿ ಕೊಟ್ಟಾರ. ಅವರಿಗೆ ಕೊಟ್ಟಷ್ಟ."

ಕಣ್ಣು ತುಂಬಿ, ಏನು ಕೇಳಬೇಕೆಂದು ತೋಚದೆ, ನಾನು ಕೇಳಬಾರದ್ದನ್ನೇ ಕೇಳಿದೆ. "ಯಾಕ ಕೊಟ್ರಂತ?"

ಆ ಕಡೆ ಅವಳು ನಕ್ಕದ್ದು ಕೇಳಿಸಿತು.

"ಕೇಳಿದ್ನಲ್ಲ ಅವ್ವಾ, ಅದಕ್ಕ."