ಗೋಲ್‌ಕೀಪರ್ ಇದ್ದ ಪುಸ್ತಕ

ಗೆಳೆಯರೇ, ದುಡ್ಡು ಹಿಡಿದು ಎದುರು ನಿಂತರೂ ಇವತ್ತು ಒಬ್ಬರು ನನಗೆ ಕಾರ್ಡ್ ಮಾರಲು ಒಪ್ಪಲಿಲ್ಲ.

ದೋಹಾದ ಅಬು ಹಮೂರಿನಲ್ಲಿ ಫುಟ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡುಗಳ ಮೇಳವಿತ್ತು. ನಾನು ಸಂಗ್ರಹಿಸುವುದು ಗೋಲ್‌ಕೀಪರುಗಳನ್ನು ಮಾತ್ರ. ಮೂರು ವರ್ಷದಿಂದ ಹುಡುಕುತ್ತಿದ್ದ ಒಬ್ಬ ಕೀಪರ್, ಪರಿಚಯದ ವ್ಯಾಪಾರಿ ಉಳ್ಳಾಲದ ಹನೀಫಣ್ಣನ ಮೇಜಿನ ಮೇಲೆ ಸಿಕ್ಕಿದ. ಹೋಲಿಸಿ ನೋಡೋಣವೆಂದು ಚೀಲದಿಂದ ದಪ್ಪ ಕವನ ಸಂಕಲನವನ್ನು ತೆಗೆದು, ಅದರೊಳಗಿದ್ದ ನನ್ನ ಇನ್ನೊಂದು ಕಾರ್ಡನ್ನು ಹೊರಗೆಳೆದೆ. ಹನೀಫಣ್ಣ ಎದೆ ಹಿಡಿದುಕೊಂಡರು.

“ಎಂತ ಅಕ್ಕ ಇದು! ಕವರಿಲ್ಲ, ಎಂತ ಇಲ್ಲ, ಪುಸ್ತಕದ ಒಳಗೆ ಇಡುದಾ? ನಿಮ್ಮ ಕೈಗೆ ಕೊಟ್ರೆ ಇವನ ಕಥೆ ಖಲಾಸ್. ನಾನು ಕೊಡುದಿಲ್ಲ.”

“ಮೊದಲು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ” ಎಂದೆ.

ಇಟ್ಟರು. ಕವಿತೆಗಳ ನಡುವೆ ಆರು ವರ್ಷ ಕಳೆದ ನನ್ನ ಕಾರ್ಡ್ ಮೇಜಿಗೆ ಅಂಟಿದಂತೆ ಸಪಾಟಾಗಿ ಕುಳಿತಿತು. ಅವರದು ಪ್ಲಾಸ್ಟಿಕ್ ಕವರಿನೊಳಗಿದ್ದರೂ ಇಲ್ಲಿನ ಬಿಸಿಲಲ್ಲಿ ನಿಂತ ಕಾರಿನ ಕಾವಿಗೆ ಹಪ್ಪಳದಂತೆ ಬಾಗಿತ್ತು.

“ಮೇಲೆ ಭಾರ ಇದ್ದರೆ ಬಾಗುವುದಿಲ್ಲ ಹನೀಫಣ್ಣ. ಬೇಕಾದರೆ ಮೂಲೆಗಳನ್ನು ಭೂತಗನ್ನಡಿಯಲ್ಲಿ ನೋಡಿ.”

ನೋಡಿದರು. ನಾಲ್ಕು ಮೂಲೆಗಳನ್ನೂ ಎರಡೆರಡು ಸಲ ನೋಡಿದರು.

“ಕೀಪರನ್ನು ತಕೊಳ್ಳಿ ಅಕ್ಕ. ಆದ್ರೆ ಆ ಪುಸ್ತಕ ಇಲ್ಲಿ ಬಿಟ್ಟು ಹೋಗ್ಬೇಕು. ನನ್ನ ಉಳಿದ ಕಾರ್ಡೆಲ್ಲ ಬಾಗಿ ಹೋಗಿದೆ ಮಾರಾಯ್ರೆ.”

ಕವಿತೆ ಓದಿ ಎಂದು ದೋಹಾದಲ್ಲಿ ಎಷ್ಟೋ ಜನರ ಬೆನ್ನು ಬಿದ್ದಿದ್ದೇನೆ. ತಾವಾಗಿಯೇ ಕೇಳಿ ಪಡೆದವರು ಇವರೊಬ್ಬರೇ, ಅದೂ ಪುಸ್ತಕದ ತೂಕ ನೋಡಿ.