ಹತ್ತರ ಆಚೆಗೆ

ಪುಟ್ಟೇನಹಳ್ಳಿಯ ಈ ನರ್ಸರಿಯಲ್ಲಿ ನಾನು ಆಯಾ ಆಗಿ ಹದಿನೆಂಟು ವರ್ಷವಾಯಿತು. ಅಳುವ ಮಕ್ಕಳನ್ನು ಸುಮ್ಮನಾಗಿಸುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಭ ನನಗಿತ್ತು. ಅದನ್ನು ಮೂರು ವರ್ಷದ ಅರ್ಮಾನ್ ಒಂದೇ ದಿನದಲ್ಲಿ ಇಳಿಸಿದ.

ಅವನನ್ನು ಸಾಕುತ್ತಿರುವುದು ಅಜ್ಜಿ ಸಬೀರಾ. ಅವಳ ಮಗಳು ಅಫ್ರೀನ್ ಎರಡನೇ ಹೆರಿಗೆಗೆಂದು ಬೆಳಗಿನ ಜಾವ ಆಸ್ಪತ್ರೆಗೆ ಹೊರಟಾಗ ಹುಡುಗ ಮಲಗಿದ್ದ. ಎಬ್ಬಿಸಿದರೆ ಅಳುತ್ತಾನೆಂದು ಹೇಳದೇ ಹೋದಳು. ತಾಯಿಯೂ ಬರಲಿಲ್ಲ, ಕೂಸೂ ಬರಲಿಲ್ಲ. ಅಪ್ಪ ಲಾರಿಯ ಮೇಲೆ ಊರೂರು ಸುತ್ತುವವನು. ಅಂದಿನಿಂದ ಅಜ್ಜಿ ಬಚ್ಚಲಿಗೆ ಹೋದರೂ ಇವನು ಬಾಗಿಲು ಬಡಿಯುತ್ತಾನೆ.

ಸಬೀರಾ ಹಾಸ್ಟೆಲೊಂದರಲ್ಲಿ ಚಪಾತಿ ಲಟ್ಟಿಸುವವಳು. ಮಗಳು ಹೋದ ಮೇಲೆ ಕೆಲಸ ಬಿಟ್ಟು ಕೂತವಳು ಸೋಮವಾರ ಬಾರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆಂದು ಮೆಸ್ಸಿನವನು ಕಡ್ಡಿ ಮುರಿದಂತೆ ಹೇಳಿದ್ದ. ಅದಕ್ಕೇ ಪಾಪ, ಹದಿನೈದು ದಿನ ಮನೆಯಲ್ಲಿ ಮೊಮ್ಮಗನಿಗೆ ತನ್ನನ್ನು ಬಿಟ್ಟಿರುವ ಅಭ್ಯಾಸ ಮಾಡಿಸಿದ್ದಳು. ಅವಳು ಬಾಗಿಲಾಚೆ ನಿಲ್ಲುವುದು, ಅವನು ಕಣ್ಣು ಮುಚ್ಚಿ ‘ಏಕ್, ದೋ’ ಎಂದು ಎಣಿಸುವುದು, ಹತ್ತಕ್ಕೆ ‘ದಸ್’ ಎಂದ ಕೂಡಲೇ ಅವಳು ಒಳಗೆ ಬರುವುದು. ಹತ್ತರ ಆಚೆಗೆ ಅವನಿಗೆ ಬಾರದು.

ಸೋಮವಾರ ನರ್ಸರಿಗೆ ಬಂದವನು ಅಜ್ಜಿಯ ದುಪಟ್ಟಾ ಬಿಡಲೇ ಇಲ್ಲ. ಬಸ್ಸಿನ ಹೊತ್ತು ಮೀರುತ್ತಿತ್ತು.

“ನಾನು ಕಿಟಕೀಲಿ ವಿಮಾನ ತೋರಿಸ್ತೀನಿ, ನೀವು ಕಣ್ತಪ್ಪಿಸಿ ಹೊರಟ್ಬಿಡಿ,” ಎಂದೆ.

“ಬೇಡ ಅಕ್ಕಯ್ಯಮ್ಮ, ಅವನ ಅಮ್ಮೀನೂ ಹಂಗೇ ಹೋಗಿದ್ದು.”

“ಅಯ್ಯೋ, ಹತ್ತು ನಿಮಿಷ ಅತ್ತು ಸುಮ್ನಾಗ್ತಾನೆ ಕಣ್ರೀ. ಎಷ್ಟು ಮಕ್ಳನ್ನ ನೋಡಿಲ್ಲ ನಾನು? ಕೆಲ್ಸ ಉಳಿಬೇಕೋ ಬೇಡ್ವೋ?”

ಹೋದಳು. ತಿರುಗಿ ನೋಡಿದ ಹುಡುಗ ಅಳಲಿಲ್ಲ. “ನೋಡಿದ್ರಾ ಮಿಸ್ಸು?” ಎಂದು ನಾನು ಟೀಚರ ಮುಂದೆ ಬೀಗಿದೆ. ಅವನು ನೇರ ಬಾಗಿಲ ಬಳಿ ಹೋಗಿ ಕಣ್ಣು ಮುಚ್ಚಿ ಎಣಿಸತೊಡಗಿದ. ದಸ್. ಕಣ್ಣು ಬಿಟ್ಟ, ಅಜ್ಜಿ ಇಲ್ಲ. ತಪ್ಪು ಎಣಿಸಿದೆನೆಂದುಕೊಂಡನೇನೋ, ಮತ್ತೆ ಮೊದಲಿನಿಂದ ಶುರು ಮಾಡಿದ, ಇನ್ನೂ ನಿಧಾನವಾಗಿ. ಊಟ ಬೇಡ, ಬೊಂಬೆ ಬೇಡ. ಎತ್ತಿಕೊಳ್ಳಲು ಹೋದರೆ ನನ್ನ ಕೈ ತಳ್ಳಿದ. ಕೆಲಸ ಮುಗಿಸಿ ಒಂದೂವರೆಗೆ ಸಬೀರಾ ಓಡಿ ಬಂದಾಗ ಅವನ ಗಂಟಲು ಕಟ್ಟಿ, ಬರೀ ತುಟಿ ಆಡುತ್ತಿತ್ತು. ಚಡ್ಡಿ ಒದ್ದೆಯಾಗಿತ್ತು.

“ದಸ್ ಹೋಗಯೇ, ನಾನಿ,” ಎಂದು ಪಿಸುಗುಟ್ಟಿದ. ಹತ್ತು ಆಗಿಹೋಯಿತು, ಅಜ್ಜಿ.

ಅವಳು ಅವನನ್ನು ತಬ್ಬಿಕೊಂಡು ಅಲ್ಲೇ ನೆಲದ ಮೇಲೆ ಕೂತಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ನನ್ನ ಬಾಯಿಗಿಷ್ಟು ಮಣ್ಣು ಹಾಕ, ಹೆತ್ತವಳಿಲ್ಲದ ಮಗುವಿಗೆ ನಾನು ಅದನ್ನೇ ಎರಡನೇ ಸಲ ಮಾಡಿಸಿದ್ದೆ.

ಮರುದಿನ, “ಮುಖ ನೋಡಿ ಹೇಳಿ ಹೋಗ್ರಮ್ಮ,” ಎಂದೆ. ಹೇಳಿದಳು. ಅವನು ಬೀದಿಗೆಲ್ಲ ಕೇಳುವಂತೆ ಚೀರಿದ, ನನ್ನ ತೋಳು ಕಚ್ಚಿದ. ಅವಳು ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ಬಸ್ಸಿಗೆ ಓಡಿದಳು. ಅತ್ತು ಸಾಕಾಗಿ ಅವನು ಬಾಗಿಲ ಮುಂದೆ ನಿಂತು ಕಣ್ಣು ಮುಚ್ಚಿದ. ನಾನೂ ಪಕ್ಕದಲ್ಲಿ ಕುಕ್ಕರಿಸಿದೆ. ದಸ್ ಎಂದು ಕಣ್ಣು ಬಿಟ್ಟ.

“ಇನ್ನೂ ಇದೆ ಕಣೋ ರಾಜ, ಹತ್ತಾದ್ಮೇಲೆ ಹನ್ನೊಂದು,” ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ನಂಬಲಿಲ್ಲ. ಒಂದೂವರೆಗೆ ಇನ್ನೂ ನಾಲ್ಕು ಗಂಟೆ ಇತ್ತು.