ರೈಲಿನಿಂದ ಯಾರನ್ನು ಇಳಿಸಲಿ?

ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಯಾವಾಗಲೂ ಗೋಂದು ಒಣಗಿರುತ್ತಿತ್ತು. ಮಾತಾಡುತ್ತಲೇ ಅದನ್ನು ಈರುಳ್ಳಿ ಸಿಪ್ಪೆಯಂತೆ ಸುಲಿಯುತ್ತಿದ್ದರು. ಸೂರತ್ತಿನ ಉಧ್ನಾದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಆ ಅಕ್ಕ ಧಾರವಾಡದ ಕಡೆಯವರು. ಯಜಮಾನರಿಗೆ ರೈಲ್ವೆ ಕೆಲಸ. ಮಧ್ಯಾಹ್ನದ ಹೊತ್ತು ನಾವಿಬ್ಬರೂ ಸೀರೆಗಳಿಗೆ ಹೊಳೆಯುವ ಹರಳು ಅಂಟಿಸುತ್ತಿದ್ದೆವು. ಸೂರತ್ತಿನಲ್ಲಿ ಎಷ್ಟೋ ಹೆಂಗಸರು ಮನೆಯಲ್ಲೇ ಮಾಡುವ ಕೆಲಸ ಅದು. ಸಂಜೆ ಅದೇ ಬೆರಳುಗಳಲ್ಲಿ ಪೆನ್ನು ಹಿಡಿದು, ಸೀರೆಯ ಮಡಿಕೆಯೊಳಗಿಂದ ತೆಗೆದ ಬಿಳಿ ರಟ್ಟಿನ ಮೇಲೆ ಅವರು ಕತೆ ಬರೆಯುತ್ತಿದ್ದರು.

ಮೊಮ್ಮಕ್ಕಳೇ, ನಿಮಗೆ ಅವರು ಗೊತ್ತಿಲ್ಲ. ನಿಮ್ಮಮ್ಮನಿಗೆ ಸ್ವಲ್ಪ ನೆನಪಿರಬಹುದು.

ಅವರ ಕತೆಗಳು ಕನ್ನಡದ ಒಂದು ವಾರಪತ್ರಿಕೆಯಲ್ಲಿ ಬರುತ್ತಿದ್ದವು. ಅತ್ತೆ ಸೊಸೆ ರಾಜಿಯಾಗುತ್ತಿದ್ದರು, ಬಿಟ್ಟುಹೋದ ಗಂಡ ತಿರುಗಿ ಬರುತ್ತಿದ್ದ. "ಇವು ಒಗ್ಗರಣೆ ಅವಲಕ್ಕಿ ಇದ್ದಂಗ, ಯಾರೂ ಒಲ್ಲೆ ಅನ್ನಂಗಿಲ್ಲ" ಎಂದು ನಗುತ್ತಿದ್ದರು. ಆದರೆ ಓದುಗರು ಯಾರಾದರೂ ಹೊಗಳಿ ಫೋನ್ ಮಾಡಿದ ದಿನ ನನ್ನ ಚಹಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚು ಬೀಳುತ್ತಿತ್ತು.

ಒಂದು ಮಧ್ಯಾಹ್ನ, ಯಾಕೋ ಏನೋ, ಯಾರಿಗೂ ಹೇಳದಿದ್ದುದನ್ನು ನಾನು ಅವರಿಗೆ ಹೇಳಿಬಿಟ್ಟೆ. ಸೂರತ್ತಿಗೆ ಬಂದ ಹೊಸತರಲ್ಲಿ, ಅಕ್ಕನ ಪರಿಚಯವಾಗುವ ಮೊದಲು, ನನ್ನ ಜೊತೆ ಕನ್ನಡ ಮಾತಾಡುವವರಿರಲಿಲ್ಲ. ನಿಮ್ಮ ತಾತ ಬ್ಯಾಂಕಿನಿಂದ ಬರುವ ಹೊತ್ತಿಗೆ ಸುಸ್ತಾಗಿರುತ್ತಿದ್ದರು. ನಿಮ್ಮಮ್ಮ ಶಾಲೆಯಿಂದ ಹಿಂದಿ ಕಲಿತು ಬರುತ್ತಿದ್ದಳು. ನಮ್ಮೂರ ಕಡೆಯಿಂದ ಬರುವ ರೈಲಿನ ಹೊತ್ತಿಗೆ ನಾನು ಸ್ಟೇಷನ್ನಿಗೆ ಹೋಗಿ ನಲ್ಲಿಯ ಹತ್ತಿರ ನಿಲ್ಲುತ್ತಿದ್ದೆ. ಕಿಟಕಿಯೊಳಗಿಂದ ಯಾರೋ ಯಾರಿಗೋ "ಸ್ವಲ್ಪ ಸರ್ಕೊಳ್ರೀ" ಅನ್ನುತ್ತಿದ್ದರು, ಇನ್ನಾರೋ ಮಗುವನ್ನು ಗದರುತ್ತಿದ್ದರು. ಅಷ್ಟು ಕೇಳಿಸಿಕೊಂಡು ಮನೆಗೆ ಬರುತ್ತಿದ್ದೆ.

ಅಕ್ಕ ಮೂರು ದಿನ ನನ್ನನ್ನು ಹರಳಿನ ಕೆಲಸಕ್ಕೆ ಕರೆಯಲಿಲ್ಲ. ನಾಲ್ಕನೆಯ ದಿನ ಕರೆದು, ಅಪ್ಪಣೆ ಕೇಳುವವರ ಹಾಗೆ ಒಂದು ಹೊಸ ಕತೆಯನ್ನು ಓದಿದರು. ಒಬ್ಬ ಹೆಂಗಸು ರೈಲಿನ ಹೊತ್ತಿಗೆ ನಲ್ಲಿಯ ಹತ್ತಿರ ನಿಲ್ಲುತ್ತಾಳೆ, ರೈಲು ಹೋಗುತ್ತದೆ, ಅವಳು ಮನೆಗೆ ನಡೆಯುತ್ತಾಳೆ. ನಾನು ತಲೆ ಎತ್ತಲಿಲ್ಲ. ಒಂದೇ ಹೂವಿಗೆ ಹರಳು ಅಂಟಿಸುತ್ತಲೇ ಇದ್ದೆ.

ಅಕ್ಕ ಆ ಕತೆಯನ್ನು ಕಳಿಸಿದ ಕೆಲವು ದಿನಕ್ಕೆ ಪತ್ರಿಕೆಯವರು ಫೋನ್ ಮಾಡಿದರು. ಕತೆಯಲ್ಲಿ ಏನೂ ನಡೆಯುವುದೇ ಇಲ್ಲ, ಕೊನೆಗೆ ರೈಲಿನಿಂದ ಅಣ್ಣನೋ ತಂಗಿಯೋ ಇಳಿಯಲಿ, ಓದುಗರ ಕಣ್ಣು ತುಂಬಬೇಕು ಅಂದರಂತೆ. ಇದನ್ನು ತಿದ್ದಿಕೊಟ್ಟರೆ ಮುಂದೆ ಒಂದು ಧಾರಾವಾಹಿಯನ್ನೂ ಅವರಿಗೇ ಕೊಡುವುದಾಗಿ ಹೇಳಿದರಂತೆ. ಧಾರಾವಾಹಿ ಬರೆಯಬೇಕೆಂಬುದು ಅಕ್ಕನ ಎಷ್ಟೋ ವರ್ಷಗಳ ಆಸೆ.

ಅವರ ಯಜಮಾನರು ಊಟ ಮಾಡುತ್ತಾ ತೀರ್ಪು ಕೊಟ್ಟರು: "ನಾ ರೈಲ್ವೆದಾಂವ ಹೇಳ್ತೀನಿ, ರೈಲು ನಿಂತ ಮ್ಯಾಲೆ ಒಬ್ಬರರ ಇಳದ ಇಳೀತಾರ."

ಅಕ್ಕ ನನ್ನ ಕಡೆ ತಿರುಗಿ, ಯಾರನ್ನು ಇಳಿಸಲಿ ಎಂದು ಕೇಳಿದರು.

ಹಳ್ಳಿ ಶಾಲೆಯಲ್ಲಿ ಓದಿದವಳು, ನನ್ನನ್ನು ಕೇಳುತ್ತಾರಲ್ಲ ಅನ್ನಿಸಿತು. "ಯಾರನ್ನಾದ್ರೂ ಇಳಿಸಿ ಅಕ್ಕ. ಓದೋರಿಗೆ ಸಂತೋಷ ಆಗುತ್ತೆ" ಅಂದೆ.

"ಓದೋರ ಮಾತು ಇರ್ಲಿ. ನೀ ನಿಂತಾಗ ನಿನಗಂತ ಯಾರರ ಇಳದ್ರೇನು?"

ಇಲ್ಲವೆಂದು ತಲೆಯಾಡಿಸಿದೆ.

ಕತೆಯನ್ನು ಅವರು ತಿದ್ದಲಿಲ್ಲ. ಅದು ಅಚ್ಚಾಗಲಿಲ್ಲ, ಧಾರಾವಾಹಿಯೂ ಬರಲಿಲ್ಲ. ಅದರಿಂದ ಅವರು ಖುಷಿಯಾಗಿದ್ದರು ಎಂದು ಬರೆದರೆ ಸುಳ್ಳಾಗುತ್ತದೆ. ವಾರಪತ್ರಿಕೆ ಬಂದ ದಿನ ಬೇರೆಯವರ ಧಾರಾವಾಹಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ, ಮಡಿಸಿಟ್ಟು, ಬೆರಳ ತುದಿಯ ಗೋಂದು ಸುಲಿಯುತ್ತಾ ಕೂರುತ್ತಿದ್ದರು. ಒಮ್ಮೆ ಮಾತ್ರ ಅಂದರು: "ಒಬ್ಬಾಕಿ ಕೇಳಿದ್ರ ಸಾಕು ಅಂತಾರಲ್ಲ, ಸಾಕಾಗಂಗಿಲ್ಲವ್ವಾ. ಆದ್ರ ಆ ಒಬ್ಬಾಕಿ ಮುಂದ ಸುಳ್ಳು ಬರೀಲಿಕ್ಕೂ ಆಗಂಗಿಲ್ಲ."

ಯಜಮಾನರು ನಿವೃತ್ತರಾದ ಮೇಲೆ ಅವರು ವಡೋದರಾದಲ್ಲಿದ್ದ ಮಗಳ ಮನೆಗೆ ಹೋದರು. ಹೊರಡುವ ದಿನ ಗೇಟಿನ ಹತ್ತಿರ, ಆ ರೈಲಿನ ಕತೆ ಹೇಗಿತ್ತು ಅಂತ ನೀನು ಇವತ್ತಿಗೂ ಹೇಳಲಿಲ್ಲ ಎಂದು ಕೆಣಕಿದರು. ನಾನು ಸೆರಗು ಬಾಯಿಗೆ ಹಿಡಿದು ನಕ್ಕುಬಿಟ್ಟೆ. ಇನ್ನೊಮ್ಮೆ ಹೇಳಿದರಾಯಿತು ಅಂದುಕೊಂಡೆ. ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ತಿಂಗಳ ಮೇಲೆ.

ನಾನು ನಲ್ಲಿಯ ಹತ್ತಿರ ನಿಲ್ಲುತ್ತಿದ್ದುದನ್ನು ಈ ಲೋಕದಲ್ಲಿ ಒಬ್ಬರು ಕಂಡಂತೆ ಬರೆದಿದ್ದರು. ಆಮೇಲೆ ನಿಮ್ಮ ತಾತ ಹೋದರು, ಮನೆ ಖಾಲಿಯಾಯಿತು. ಆಗೆಲ್ಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕತೆಯೊಂದೇ. ಕತೆ ಚೆನ್ನಾಗಿತ್ತು ಅಕ್ಕ ಅನ್ನಲು ಎರಡು ನಿಮಿಷ ಸಾಕಾಗುತ್ತಿತ್ತು. ನಾನು ಅನ್ನಲಿಲ್ಲ.